ಹಿಡಿದ ಕೃತಿ ಮತ್ತು ಹೊಸ ಗರಿ: ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳ ಹಿನ್ನೆಲೆಯಲ್ಲಿ ಒಂದು ವಿಚಾರ

೧

ಕೈಗೆತ್ತಿಕೊಂಡ ಕೃತಿಯು ನಡುವೆ ಎಲ್ಲಿಯೋ ನಿಂತುಹೋದಾಗ ಅದನ್ನೇ ಪಟ್ಟುಹಿಡಿದು ಮುಂದುವರಿಸಬೇಕೆ, ಇಲ್ಲವೆ ಬದಿಗಿರಿಸಿ ಹೊಸದಾಗಿ ಆರಂಭಿಸಬೇಕೆ ಎಂಬುದು ಬರೆಯುವವರೆಲ್ಲರಿಗೂ ಒಂದಲ್ಲ ಒಂದು ಸಲ ಎದುರಾಗುವ ಪ್ರಶ್ನೆ. ವಿಮರ್ಶೆಯು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಅದರ ವ್ಯವಹಾರವೆಲ್ಲ ಮುಗಿದ ಕೃತಿಯೊಡನೆ; ಮುಗಿಯದುದರ ಸಂಕಟ ಅದರ ಕಣ್ಣಿಗೆ ಬೀಳುವುದು ಅಪರೂಪ. ಆದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಂತಹ ಊರುಗಳಲ್ಲಿ ಪುರಾಣ, ನಾಟಕ, ಷಟ್ಪದಿಗಳ ಅಭಿರುಚಿ ಇನ್ನೂ ಉಳಿದಿರುವುದರಿಂದ ಈ ಸಂಕಟವು ಇಲ್ಲಿ ದೂರದ ಮಾತಲ್ಲ. ಶರಣರೊಬ್ಬರ ಚರಿತೆಯನ್ನು ಬರೆಯಲು ತೊಡಗಿ ಮೂರು ನಾಲ್ಕು ಸಂಧಿಗಳಿಗೆ ನಿಂತವರು, ಮೂರನೆಯ ಅಂಕವನ್ನು ದಾಟದ ನಾಟಕವನ್ನು ಪೆಟ್ಟಿಗೆಯಲ್ಲಿಟ್ಟವರು ಎಲ್ಲ ಕಡೆಗಳಲ್ಲಿಯೂ ಉಂಟು. ಇಂತಹವರಿಗೆ ದೊರೆಯುವ ಉಪದೇಶ ಎರಡೇ ಬಗೆಯದು: ‘ಹಿಡಿದುದನ್ನು ಬಿಡಬೇಡಿ’ ಎಂಬುದೊಂದು, ‘ಬಾರದುದನ್ನು ಬಿಡಿ’ ಎಂಬುದು ಇನ್ನೊಂದು. ಯಾವ ಕಾರಣಕ್ಕೆ ಹಿಡಿಯಬೇಕು, ಯಾವ ಕಾರಣಕ್ಕೆ ಬಿಡಬೇಕು ಎಂಬುದನ್ನು ಹೇಳದ ಹೊರತು ಈ ಎರಡು ಮಾತುಗಳಿಂದಲೂ ಪ್ರಯೋಜನವಿಲ್ಲ.

ಈ ವಿಷಯವಾಗಿ ನಮ್ಮ ಪ್ರಾಚೀನ ಕಾವ್ಯಮೀಮಾಂಸೆಯು ಹೇಳಿರುವುದು ಕಡಿಮೆಯಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಕನ್ನಡದ ಒಂದು ಮಹಾಕೃತಿಯೇ ಈ ಪ್ರಶ್ನೆಗೆ ಉತ್ತರರೂಪವಾಗಿ ನಿಂತಿದೆ. ನಾಲ್ಕು ಜನರ ಕೈಯಲ್ಲಿ ನಾಲ್ಕು ಸಲ ರೂಪುಗೊಂಡ ಶೂನ್ಯಸಂಪಾದನೆಯೇ ಆ ಕೃತಿ. ಅದನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಸುಮಾರು ಕ್ರಿ.ಶ. ೯೦೦ರಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಕಾವ್ಯದ ‘ಪಾಕ’ವನ್ನು ಕುರಿತು ವಿಸ್ತಾರವಾಗಿ ಚರ್ಚಿಸಿದ್ದಾನೆ. ಪಾಕವೆಂದರೇನು ಎಂಬುದಕ್ಕೆ ಆತನು ಪೂರ್ವಾಚಾರ್ಯರ ಮತಗಳನ್ನು ಸಂಗ್ರಹಿಸಿಕೊಡುತ್ತಾನೆ. ಮನಸ್ಸು ತೂಗಾಡುತ್ತಿರುವವರೆಗೆ ಕವಿಯು ಪದಗಳನ್ನು ಸೇರಿಸುವುದೂ ತೆಗೆಯುವುದೂ ನಡೆದೇ ಇರುತ್ತದೆ. ಇನ್ನು ಒಂದು ಪದವನ್ನೂ ಕದಲಿಸಲಾಗದು ಎನ್ನುವ ಸ್ಥಿತಿ ಬಂದಾಗ ಪಾಕವಾಯಿತು ಎಂಬುದು ವಾಮನನ ಪಂಥದವರ ಅಭಿಪ್ರಾಯ. ರಾಜಶೇಖರನ ಪತ್ನಿ ಅವಂತಿಸುಂದರಿಯು ಇದನ್ನು ಒಪ್ಪುವುದಿಲ್ಲ. ಬದಲಿಸಲಾಗದಿರುವುದು ಅಶಕ್ತಿಯೇ ಹೊರತು ಪಾಕವಲ್ಲ, ಏಕೆಂದರೆ ಒಂದೇ ವಸ್ತುವಿಗೆ ಮಹಾಕವಿಗಳು ಹಲವು ಬಗೆಯ ಪಾಕವುಳ್ಳ ಮಾತುಗಳನ್ನು ಕಂಡಿದ್ದಾರೆ ಎಂಬುದು ಆಕೆಯ ವಾದ. ಸಾವಿರ ವರ್ಷಗಳ ಹಿಂದಿನ ಈ ಭಿನ್ನಾಭಿಪ್ರಾಯವು ಇಂದಿಗೂ ಬಗೆಹರಿದಿಲ್ಲ. ತನ್ನ ಬರಹದ ಒಂದು ಸಾಲನ್ನೂ ಮುಟ್ಟಲು ಒಪ್ಪದ ಲೇಖಕನು ತಾನು ವಾಮನನ ಪಕ್ಷದವನೆಂದು ಭಾವಿಸಿರುತ್ತಾನೆ. ಅವಂತಿಸುಂದರಿಯ ಮಾತು ಆತನ ವಿಷಯದಲ್ಲಿ ಅನ್ವಯಿಸುವ ಸಂಭವವೇ ಹೆಚ್ಚು.

ಮುಂದೆ ರಾಜಶೇಖರನು ಪಾಕದಲ್ಲಿ ಒಂಬತ್ತು ವಿಧಗಳನ್ನು ಹೇಳಿ, ಅವಕ್ಕೆ ಗಿಡಮರಗಳ ಮತ್ತು ಕಾಯಿಹಣ್ಣುಗಳ ಹೆಸರನ್ನಿಡುತ್ತಾನೆ. ಮೊದಲಲ್ಲಿಯೂ ಕೊನೆಯಲ್ಲಿಯೂ ರುಚಿಯಿಲ್ಲದುದು ಬೇವು. ಮೊದಲು ರುಚಿಯಿಲ್ಲದೆ ಕೊನೆಗೆ ಸಾಧಾರಣವಾದುದು ಬೋರೆ. ಮೊದಲು ರುಚಿಯಿಲ್ಲದೆ ಕೊನೆಗೆ ಸವಿಯಾಗುವುದು ದ್ರಾಕ್ಷಿ. ಮೊದಲು ಸಾಧಾರಣವಾಗಿದ್ದು ಕೊನೆಗೆ ಕೆಡುವುದು ಬದನೆ. ಎರಡು ಕಡೆಯಲ್ಲಿಯೂ ಸಾಧಾರಣವಾದುದು ಹುಣಿಸೆ. ಸಾಧಾರಣವಾಗಿ ತೊಡಗಿ ಸವಿಯಾಗಿ ಮುಗಿಯುವುದು ಮಾವು. ಮೊದಲು ಉತ್ತಮವಾಗಿದ್ದು ಕೊನೆಗೆ ಕೆಡುವುದು ಅಡಕೆ. ಉತ್ತಮವಾಗಿ ತೊಡಗಿ ಸಾಧಾರಣಕ್ಕೆ ಇಳಿಯುವುದು ಸೌತೆ. ಆದಿ ಅಂತ್ಯಗಳೆರಡರಲ್ಲಿಯೂ ಸವಿಯಾದುದು ತೆಂಗು. ಈ ಮೂರು ತ್ರಿಕಗಳಲ್ಲಿ ಮೊದಲನೆಯವು ತ್ಯಾಜ್ಯ, ನಡುವಿನವು ಸಂಸ್ಕಾರ್ಯ, ಕೊನೆಯವು ಗ್ರಾಹ್ಯ ಎಂದು ಆತನ ನಿರ್ಣಯ.

ಈ ವಿಂಗಡಣೆಯಲ್ಲಿ ಒಂದು ಗಮನಾರ್ಹ ಸಂಗತಿಯಿದೆ. ಬೇವು, ಬದನೆ, ಅಡಕೆ ಈ ಮೂರರ ಆರಂಭಗಳು ಬೇರೆ ಬೇರೆ. ಅಡಕೆಯ ಆರಂಭವಂತೂ ಉತ್ತಮವಾದುದು. ಆದರೂ ಮೂರೂ ತ್ಯಾಜ್ಯವೇ ಆಗಿವೆ. ದ್ರಾಕ್ಷಿಯ ಆರಂಭದಲ್ಲಿ ರುಚಿಯಿಲ್ಲ. ಆದರೂ ಅದು ಗ್ರಾಹ್ಯ. ಎಂದರೆ ತ್ಯಾಗಕ್ಕೆ, ಸಂಸ್ಕಾರಕ್ಕೆ, ಸ್ವೀಕಾರಕ್ಕೆ ಮಾನದಂಡವಾಗಿರುವುದು ಕೃತಿಯ ಅಂತ್ಯ, ಆರಂಭವಲ್ಲ. ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಪೀಠಿಕಾಸಂಧಿ ಸೊಗಸಾಗಿ ಬಂದಿತೆಂಬ ಒಂದೇ ಕಾರಣಕ್ಕೆ ಕೊನೆ ಕಾಣದ ಕಾವ್ಯವನ್ನು ವರ್ಷಗಟ್ಟಲೆ ಹೊತ್ತು ತಿರುಗುವವರೂ ಇದ್ದಾರೆ. ಮೊದಲ ಪದ್ಯಗಳು ಒರಟಾದುವೆಂದು ಒಳ್ಳೆಯ ಗುರಿಯುಳ್ಳ ಕೃತಿಯನ್ನು ತೊರೆಯುವವರೂ ಇದ್ದಾರೆ.

ಈ ಒಂಬತ್ತರ ಹೊರಗೆ ಇನ್ನೊಂದನ್ನು ರಾಜಶೇಖರನು ಹೇಳುತ್ತಾನೆ. ನೆಲೆನಿಲ್ಲದ ಪಾಕವೇ ಬೇಲದ ಹಣ್ಣಿನ ಪಾಕ. ಹುಲ್ಲನ್ನು ಜಾಡಿಸಿದಾಗ ಅಲ್ಲೊಂದು ಇಲ್ಲೊಂದು ಕಾಳು ಸಿಕ್ಕುವಂತೆ ಅದರಲ್ಲಿ ಒಳ್ಳೆಯ ಮಾತುಗಳು ಸಿಕ್ಕುತ್ತವೆ. ಅಂತಹ ಕೃತಿಯಲ್ಲಿಯೂ ಕಾಳು ಉಂಟೆಂಬುದನ್ನು ಮರೆಯಬಾರದು.

೩

ಶಾಸ್ತ್ರದ ಈ ಮಾತನ್ನು ನಮ್ಮ ನೆಲದ ಕೈಕಸುಬುಗಳೊಡನೆ ಹೋಲಿಸಿ ನೋಡಬಹುದು. ಬಳ್ಳಾರಿಯ ಸಮೀಪದ ಸಂಗನಕಲ್ಲು ಮತ್ತು ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದರು. ೧೮೭೨ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ಈ ನೆಲೆಗಳನ್ನು ವಿದ್ವತ್ಪ್ರಪಂಚದ ಗಮನಕ್ಕೆ ತಂದರು, ಬಿ. ಸುಬ್ಬರಾವ್ ಅವರು ಇಲ್ಲಿ ಉತ್ಖನನ ನಡೆಸಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ತಮ್ಮ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ಫೂಟ್ ಅವರ ಹೆಸರಿನ ಪುರಾತತ್ತ್ವ ವಸ್ತುಸಂಗ್ರಹಾಲಯವೊಂದು ಬಳ್ಳಾರಿ ನಗರದಲ್ಲಿಯೇ ಇದೆ. ಡೋಲರೈಟ್ ಎಂಬ ಗಡುಸಾದ ಕಪ್ಪು ಕಲ್ಲನ್ನು ಮೊದಲು ಚಕ್ಕೆಯೆಬ್ಬಿಸಿ ಆಕಾರಕ್ಕೆ ತರುವುದು, ಅನಂತರ ಕುಟ್ಟಿ ಸಮಮಾಡುವುದು, ಕೊನೆಗೆ ಬಂಡೆಯ ಮೇಲೆ ಉಜ್ಜಿ ಹರಿತಗೊಳಿಸುವುದು, ಹೀಗೆ ಮೂರು ಹಂತಗಳ ಕೆಲಸವದು. ಉಜ್ಜಿದ ಬಂಡೆಗಳ ಮೇಲೆ ತೋಡುಗಳು ಉಳಿದಿವೆ. ಬೆಟ್ಟದ ಮೇಲೆ ಚಕ್ಕೆಗಳ ನಡುವೆ ಅರ್ಧಕ್ಕೆ ಬಿಟ್ಟ ಮತ್ತು ಮುರಿದ ಕೊಡಲಿಗಳು ಹೇರಳವಾಗಿ ದೊರೆಯುತ್ತವೆ. ಚಕ್ಕೆಯೆಬ್ಬಿಸುವ ಹಂತದಲ್ಲಿ ಕಲ್ಲು ತಪ್ಪಾಗಿ ಸೀಳಿದರೆ ಅದನ್ನು ಎಸೆದು ಮತ್ತೊಂದನ್ನು ಕೈಗೆತ್ತಿಕೊಳ್ಳುವುದರಲ್ಲಿ ಹೆಚ್ಚಿನ ನಷ್ಟವಿಲ್ಲ. ಬಹುಕಾಲದ ಉಜ್ಜುವಿಕೆಯ ಶ್ರಮ ಇನ್ನೂ ಮುಂದಿರುತ್ತದೆ. ಬಿಡಬೇಕಾದುದನ್ನು ಬೇಗ ಬಿಡಬೇಕೆಂಬ ವಿವೇಕವನ್ನು ಈ ರಾಶಿಗಳಿಂದ ಊಹಿಸಬಹುದು.

ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಕಾಣುವ ವಿವೇಕವೂ ಇದೇ. ಸಸಿಮಡಿ ಕೆಟ್ಟರೆ ರೈತನು ಮತ್ತೆ ಬೀಜ ಹಾಕುತ್ತಾನೆ. ನಾಟಿಯಾಗಿ ಸಸಿ ಬೇರುಬಿಟ್ಟ ಮೇಲೆ ಅಲ್ಲಲ್ಲಿ ಸಸಿ ಸತ್ತರೆ ಗದ್ದೆಯನ್ನೆಲ್ಲ ಉಳುವುದಿಲ್ಲ. ಬರಿದಾದೆಡೆಯಲ್ಲಿ ಮಾತ್ರ ಬೇರೆ ಸಸಿಯನ್ನು ನೆಡುತ್ತಾನೆ. ಕುರುಗೋಡಿನ ದೊಡ್ಡಬಸವೇಶ್ವರನ ಮುಂದೆ ನಿಂತಾಗ ಮೂರನೆಯದೊಂದು ಸ್ಥಿತಿ ನೆನಪಾಗುತ್ತದೆ. ಆ ಬೃಹತ್ ಬಸವ ಒಂದೇ ಶಿಲೆಯಲ್ಲಿ ಮೂಡಿದುದು. ಏಕಶಿಲೆಯ ಶಿಲ್ಪಿಗೆ ತೆಗೆಯುವ ಅಧಿಕಾರವುಂಟು, ಸೇರಿಸುವ ಅಧಿಕಾರವಿಲ್ಲ. ಕಲ್ಲಿನ ಆಯ್ಕೆಯಲ್ಲಿ ತಪ್ಪಿದರೆ ಮುಂದಿನ ಕೌಶಲವೆಲ್ಲ ವ್ಯರ್ಥ. ಆದುದರಿಂದ ಆತನ ನಿರ್ಧಾರವೆಲ್ಲ ಉಳಿಯನ್ನು ಇಡುವ ಮೊದಲೇ ಮುಗಿದಿರಬೇಕು.

ಬರಹಗಾರನಿಗೆ ಈ ಮೂವರಿಗೂ ಇಲ್ಲದ ಒಂದು ಅನುಕೂಲವಿದೆ. ಆತನು ಬಿಟ್ಟುದು ಹಾಳಾಗುವುದಿಲ್ಲ. ಒಂದು ಕೃತಿಯಲ್ಲಿ ಹೊಂದದ ಮಾತು ಇನ್ನೊಂದರಲ್ಲಿ ಹೊಂದಬಹುದು. ಶೂನ್ಯಸಂಪಾದನೆಯ ಇತಿಹಾಸವು ಈ ಅನುಕೂಲದ ಪೂರ್ಣ ಪ್ರಯೋಜನವನ್ನು ಪಡೆದ ಇತಿಹಾಸ.

೪

ಅದಕ್ಕೆ ಮೊದಲು ಒಂದು ಸಂಶಯವನ್ನು ಪರಿಹರಿಸಿಕೊಳ್ಳಬೇಕು. ಕೃತಿಯನ್ನು ಬಿಡುವಂತೆ ಹೊರಗಿನಿಂದ ಒತ್ತಾಯ ಬಂದರೆ ಏನು ಮಾಡಬೇಕು? ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಹಂಪೆಯ ರಾಘವಾಂಕನ ಐತಿಹ್ಯವು ಇಲ್ಲಿ ಸ್ಮರಣೀಯ. ಶಿಷ್ಯನು ಹರಿಶ್ಚಂದ್ರಕಾವ್ಯವನ್ನು ಬರೆದು ಶಿವನನ್ನು ಬಿಟ್ಟು ಮರ್ತ್ಯನೊಬ್ಬನನ್ನು ಹೊಗಳಿದನೆಂದು ಹರಿಹರನು ಮುನಿದು ಪಾದರಕ್ಷೆಯಿಂದ ಹೊಡೆಯಲು ಐದು ಹಲ್ಲುಗಳು ಉದುರಿದುವೆಂದೂ, ರಾಘವಾಂಕನು ಐದು ಶಿವಪರ ಕಾವ್ಯಗಳನ್ನು ಬರೆದು ಅವುಗಳನ್ನು ಮರಳಿ ಪಡೆದನೆಂದೂ ಐತಿಹ್ಯ ಹೇಳುತ್ತದೆ. ಇದು ಚರಿತ್ರೆಯಲ್ಲ, ಆದರೆ ಸಾಹಿತ್ಯ ಪರಂಪರೆಯು ತನ್ನ ಅನುಭವವನ್ನು ಕಥೆಯಾಗಿ ಕಟ್ಟಿಕೊಂಡ ಬಗೆ ಇದು. ಈ ಕಥೆಯಲ್ಲಿಯೂ ಕವಿಯು ಹರಿಶ್ಚಂದ್ರಕಾವ್ಯವನ್ನು ಸುಡಲಿಲ್ಲ, ತಿದ್ದಿ ಬೇರೆಯದನ್ನಾಗಿಯೂ ಮಾಡಲಿಲ್ಲ. ಅದನ್ನು ಅದರಷ್ಟಕ್ಕೆ ಬಿಟ್ಟು ಬೇರೆ ಕಾವ್ಯಗಳಿಗೆ ಕೈಹಾಕಿದನು. ಆ ಐದರಲ್ಲಿ ಶರಭಚಾರಿತ್ರ ಮತ್ತು ಹರಿಹರಮಹತ್ವಗಳು ಇಂದು ಉಪಲಬ್ಧವಿಲ್ಲ. ಹರಿಶ್ಚಂದ್ರಕಾವ್ಯವು ಉಳಿಯಿತು, ಕನ್ನಡಿಗರ ಬಾಯಲ್ಲಿಯೂ ನಿಂತಿತು. ಗುರುವಿನ ಆಕ್ಷೇಪವಿದ್ದುದು ವಸ್ತುವಿನ ಬಗ್ಗೆ, ಪಾಕದ ಬಗ್ಗೆ ಅಲ್ಲ. ಪಾಕವು ತೆಂಗಿನದಾಗಿದ್ದ ಮೇಲೆ ವಸ್ತುವನ್ನು ಒಪ್ಪದವರ ಮುನಿಸು ಕೃತಿಯನ್ನು ತ್ಯಾಜ್ಯವಾಗಿಸಲಾರದು.

೫

ಇನ್ನು ಶೂನ್ಯಸಂಪಾದನೆಯ ವಿಷಯ. ಪ್ರಭುದೇವರನ್ನು ಕೇಂದ್ರವಾಗಿಸಿ, ಶರಣರ ವಚನಗಳನ್ನು ಸಂವಾದರೂಪವಾಗಿ ಜೋಡಿಸಿ, ನಡುನಡುವೆ ಗದ್ಯದ ಕೊಂಡಿಗಳನ್ನಿಟ್ಟು ಒಂದು ನಾಟಕೀಯ ಪ್ರಬಂಧವನ್ನು ಮೊದಲಿಗೆ ಕಟ್ಟಿದವನು ಶಿವಗಣಪ್ರಸಾದಿ ಮಹಾದೇವಯ್ಯ; ಕಾಲ ಹದಿನೈದನೆಯ ಶತಮಾನ. ಅನಂತರ ಹದಿನಾರನೆಯ ಶತಮಾನದಲ್ಲಿ ಹಲಗೆಯಾರ್ಯನೂ, ಗುಮ್ಮಳಾಪುರದ ಸಿದ್ಧಲಿಂಗಯತಿಯೂ, ಆ ಶತಮಾನದ ಕೊನೆಯ ಹೊತ್ತಿಗೆ ಗೂಳೂರ ಸಿದ್ಧವೀರಣ್ಣೊಡೆಯನೂ ಅದನ್ನು ಕ್ರಮವಾಗಿ ಪರಿಷ್ಕರಿಸಿದರು. ವಿದ್ವಾಂಸರ ಎಣಿಕೆಯಂತೆ ಮಹಾದೇವಯ್ಯನಲ್ಲಿರುವ ವಚನಗಳು ೧೦೧೨; ಹಲಗೆಯಾರ್ಯನಲ್ಲಿ ೧೫೯೯; ಸಿದ್ಧಲಿಂಗಯತಿಯಲ್ಲಿ ೧೪೩೯; ಸಿದ್ಧವೀರಣ್ಣೊಡೆಯನಲ್ಲಿ ೧೫೪೩.

ಈ ಸಂಖ್ಯೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಎರಡನೆಯವನು ಮೊದಲಿನದಕ್ಕೆ ೫೮೭ನ್ನು ಹೆಚ್ಚಿಸಿದನು. ಮೂರನೆಯವನು ೧೬೦ನ್ನು ಇಳಿಸಿದನು. ನಾಲ್ಕನೆಯವನು ೧೦೪ನ್ನು ಮತ್ತೆ ಏರಿಸಿದನು. ಇವು ನಿವ್ವಳ ವ್ಯತ್ಯಾಸಗಳು. ಒಳಗೆ ನಡೆದ ಅದಲುಬದಲು ಇನ್ನೂ ಹೆಚ್ಚಿನದು. ಸೇರಿಸುವುದು, ತೆಗೆಯುವುದು, ಮತ್ತೆ ಸೇರಿಸುವುದು, ಪ್ರತಿ ಸಲವೂ ತೂಗಾಟದ ಅಳತೆ ಕಡಿಮೆಯಾಗುತ್ತ ಬಂದುದು, ಇದು ವಾಮನನ ಪಂಥದವರು ಒಬ್ಬ ಕವಿಯ ಮನಸ್ಸಿನಲ್ಲಿ ನಡೆಯುವುದೆಂದು ಹೇಳಿದ ಕ್ರಿಯೆಯೇ ಆಗಿದೆ. ಇಲ್ಲಿ ಅದು ನಾಲ್ಕು ಮನಸ್ಸುಗಳಲ್ಲಿ, ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲದಲ್ಲಿ ನಡೆಯಿತು. ಸಿದ್ಧಲಿಂಗಯತಿಯ ಕೆಲಸವು ಇವುಗಳಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಪೂರ್ವಿಕರು ಸೇರಿಸಿದುದನ್ನು ಇಳಿಸಲು ಬೇಕಾದ ಧೈರ್ಯವು ಸೇರಿಸಲು ಬೇಕಾದ ಧೈರ್ಯಕ್ಕಿಂತ ದೊಡ್ಡದು. ಅದೂ ಶರಣರ ವಚನಗಳಂತಹ ಪೂಜ್ಯ ಸಾಮಗ್ರಿಯ ವಿಷಯದಲ್ಲಿ.

ಈ ನಾಲ್ವರು ಮಾಡಿದುದು ಮುಂದುವರಿಕೆಯೆ, ಹೊಸ ಆರಂಭವೆ? ತಾಳೆಗರಿಯ ಬರಹದ ರೀತಿಯನ್ನು ನೆನೆದರೆ ಈ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಕಂಟದಿಂದ ಗರಿಯಲ್ಲಿ ಕೊರೆದ ಅಕ್ಷರವನ್ನು ಅಳಿಸಲಾಗುವುದಿಲ್ಲ. ಕಟ್ಟಿನ ನಡುವೆ ಐನೂರು ವಚನಗಳನ್ನು ತುರುಕಲೂ ಆಗುವುದಿಲ್ಲ. ದೊಡ್ಡ ತಿದ್ದುಪಡಿಯನ್ನು ಮಾಡಬೇಕೆಂದರೆ ಮೊದಲ ಗರಿಯಿಂದ ಎಲ್ಲವನ್ನೂ ಮತ್ತೆ ಬರೆಯಬೇಕು. ಹಳೆಯ ಕಟ್ಟನ್ನು ಎದುರಿಗಿಟ್ಟುಕೊಂಡು ಹೊಸ ಗರಿಯ ಮೇಲೆ ಮೊದಲಕ್ಷರದಿಂದ ಬರೆಯುವವನು ಏಕಕಾಲದಲ್ಲಿ ಮುಂದುವರಿಸುತ್ತಲೂ ಇದ್ದಾನೆ, ಹೊಸದಾಗಿ ತೊಡಗುತ್ತಲೂ ಇದ್ದಾನೆ. ಪ್ರತಿಯೊಂದು ವಚನವೂ ಮತ್ತೊಮ್ಮೆ ಆತನ ಕೈಯ ಕೆಳಗೆ ಹಾಯ್ದು ಬರುವುದರಿಂದ, ಇದು ಇಲ್ಲಿರಬೇಕೆ ಎಂಬ ವಿಚಾರ ಪ್ರತಿಯೊಂದರಲ್ಲಿಯೂ ಏಳಲೇಬೇಕು. ಮುಂದುವರಿಸುವುದು ಮತ್ತು ಹೊಸದಾಗಿ ತೊಡಗುವುದು ಎಂಬ ಎರಡು ದಾರಿಗಳು ಪರಸ್ಪರ ವಿರುದ್ಧವೆಂಬ ಭಾವನೆ ಕಾಗದ ಅಗ್ಗವಾದ ಕಾಲದ್ದು. ಕಾಗದದ ಹಸ್ತಪ್ರತಿಯಲ್ಲಿ ಗೀಟು ಎಳೆದು, ಅಂಚಿನಲ್ಲಿ ಸೇರಿಸಿ, ತುಂಡು ಅಂಟಿಸಿ ತೃಪ್ತರಾಗುತ್ತೇವೆ. ಮುಟ್ಟದೆ ಉಳಿದ ಭಾಗಗಳು ಪರೀಕ್ಷೆಗೊಳಗಾಗದೆಯೇ ಉಳಿಯುತ್ತವೆ.

೬

ಆದರೂ ಸಂಸ್ಕಾರಕ್ಕೆ ಒಂದು ಮಿತಿಯುಂಟು. ಅದನ್ನು ಅರಿಯಲು ಸಿದ್ಧರಾಮನ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಪ್ರಭುದೇವರು ಕಂಡು, ಹೊರಗಿನ ಕಾರ್ಯದಿಂದ ಒಳಗಿನ ಅರಿವಿಗೆ ತಿರುಗಿಸಿ ಕಲ್ಯಾಣಕ್ಕೆ ಕರೆತರುತ್ತಾರೆ. ಮಹಾದೇವಯ್ಯನ ಕೃತಿಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವಿಲ್ಲ. ಹಲಗೆಯಾರ್ಯನಿಗೆ ಇದು ಸಮ್ಮತವಾಗಲಿಲ್ಲ. ಚೆನ್ನಬಸವಣ್ಣನಿಂದ ಸಿದ್ಧರಾಮನಿಗೆ ದೀಕ್ಷೆಯಾದ ಪ್ರಸಂಗವನ್ನು ಆತನು ಸೇರಿಸಿದನು. ಗೂಳೂರ ಸಿದ್ಧವೀರಣ್ಣೊಡೆಯನ ಕೃತಿಯಲ್ಲಿಯೂ ಆ ಪ್ರಸಂಗ ನೆಲೆಗೊಂಡಿತು.

ಆಚಾರದೃಷ್ಟಿಯಿಂದ ಹಲಗೆಯಾರ್ಯನ ನಿಲುವು ಸಹಜವಾದುದು. ಲಿಂಗಾಂಗಸಾಮರಸ್ಯದ ದಾರಿಯಲ್ಲಿ ದೀಕ್ಷೆಯೇ ಮೊದಲ ಮೆಟ್ಟಿಲೆಂದು ನಂಬಿದವನಿಗೆ, ಅನುಭವಮಂಟಪದ ಅಗ್ರಗಣ್ಯರಲ್ಲೊಬ್ಬನು ದೀಕ್ಷೆಯಿಲ್ಲದೆ ಉಳಿದುದು ಕೃತಿಯ ಕೊರತೆಯಾಗಿಯೇ ಕಾಣಬೇಕು. ಕಾವ್ಯದೃಷ್ಟಿಯಿಂದ ನೋಡಿದಾಗ ಮಾತು ಬೇರೆ. ಅಂತರಂಗದಲ್ಲಿ ಲಿಂಗವನ್ನು ಕಂಡವನಿಗೆ ಬಹಿರಂಗದ ಲಿಂಗ ಅವಶ್ಯವೆ ಎಂಬ ಪ್ರಶ್ನೆಯು ಮಹಾದೇವಯ್ಯನಲ್ಲಿ ತೆರೆದೇ ಉಳಿಯುತ್ತದೆ; ಆ ತೆರವಿನಲ್ಲಿಯೇ ಪ್ರಭು ಸಿದ್ಧರಾಮರ ಭೇಟಿಯ ತೀಕ್ಷ್ಣತೆಯಿದೆ. ಸೇರ್ಪಡೆಯು ಪ್ರಶ್ನೆಗೆ ಉತ್ತರವನ್ನು ಕೊಟ್ಟಿತು. ಆದರೆ ಪ್ರಶ್ನೆಯ ಬಿಸಿಯನ್ನು ಆರಿಸಿತು ಎಂದೂ ಹೇಳಬೇಕಾಗುತ್ತದೆ. ಇಷ್ಟಾದರೂ ಕೃತಿಯು ಒಡೆಯಲಿಲ್ಲ. ಏಕೆಂದರೆ ಅದರ ಗುರಿ ಶೂನ್ಯದ ಸಂಪಾದನೆ. ಆ ಗುರಿಯನ್ನಾಗಲಿ, ಅದನ್ನು ಸಾರುವ ಹೆಸರನ್ನಾಗಲಿ ನಾಲ್ವರಲ್ಲಿ ಯಾರೂ ಕೈಬಿಡಲಿಲ್ಲ. ರಾಜಶೇಖರನ ಮಾನದಂಡದಿಂದ ಅಳೆದರೆ, ಮೊದಲ ಸಂಕಲನದ ಅಂತ್ಯವು ಗಟ್ಟಿಯಾಗಿತ್ತು. ಕೊರತೆಯೆಂದು ಕಂಡುದು ನಡುವಿನಲ್ಲಿ. ಆದುದರಿಂದಲೇ ಮುಂದಿನವರು ಬೇರೊಂದು ಗ್ರಂಥವನ್ನು ಹೂಡದೆ ಅದನ್ನೇ ಸಂಸ್ಕರಿಸಿದರು.

ಇಲ್ಲಿ ನಮ್ಮ ಓದಿನ ಇತಿಹಾಸವನ್ನೂ ನೆನೆಯಬೇಕು. ಫ. ಗು. ಹಳಕಟ್ಟಿಯವರು ೧೯೩೦ರಲ್ಲಿ ಮುದ್ರಿಸಿದುದು ಗೂಳೂರ ಸಿದ್ಧವೀರಣ್ಣೊಡೆಯನ ಪಾಠವನ್ನು. ಶಿ. ಶಿ. ಭೂಸನೂರಮಠರ ಆಸ್ಥೆಯ ಅಧ್ಯಯನಕ್ಕೆ ವಸ್ತುವಾದುದೂ ಅದೇ. ‘ಶೂನ್ಯಸಂಪಾದನೆಯ ಪರಾಮರ್ಶೆ’ಗೆ ೧೯೭೨ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದುದೂ ಅದನ್ನೇ. ಮಹಾದೇವಯ್ಯನ ಮೂಲಸಂಕಲನವು ಎಲ್. ಬಸವರಾಜು ಅವರ ಸಂಪಾದನೆಯಲ್ಲಿ ಬೆಳಕು ಕಂಡುದು ೧೯೬೯ರಲ್ಲಿ. ಅಲ್ಲಿಯವರೆಗೆ ಸಾಮಾನ್ಯ ವಾಚಕನ ಪಾಲಿಗೆ ಶೂನ್ಯಸಂಪಾದನೆಯೆಂದರೆ ಕೊನೆಯ ಪರಿಷ್ಕರಣವೊಂದೇ. ಹಳೆಯ ತಾಳೆಗರಿಯ ಕಟ್ಟುಗಳನ್ನು ಯಾರೋ ಕಾಪಾಡಿಕೊಂಡು ಬಂದುದರಿಂದ ಮಾತ್ರ ದೀಕ್ಷಾಪ್ರಸಂಗವಿಲ್ಲದ ಸಿದ್ಧರಾಮನನ್ನು ನಾವು ಮತ್ತೆ ಕಾಣುವಂತಾಯಿತು. ಪರಿಷ್ಕರಣದಿಂದ ಲಾಭವೆಷ್ಟು, ನಷ್ಟವೆಷ್ಟು ಎಂದು ತೂಗುವ ಅವಕಾಶ ವಿಮರ್ಶೆಗೆ ಒದಗಿದುದೂ ಅದರಿಂದಲೇ.

೭

ಈ ಪರಿಶೀಲನೆಯಿಂದ ಬರಹಗಾರನಿಗೆ ದೊರೆಯುವ ಸೂಚನೆಗಳನ್ನು ಹೀಗೆ ಸಂಗ್ರಹಿಸಬಹುದು. ಕೃತಿಯು ನಿಂತಾಗ ಮೊದಲು ಕೇಳಿಕೊಳ್ಳಬೇಕಾದುದು ಅದರ ಕೊನೆ ತನಗೆ ಕಾಣುತ್ತಿದೆಯೆ ಎಂದು. ಕೊನೆ ಕಾಣುತ್ತಿದ್ದು ದಾರಿ ಮಾತ್ರ ಕಠಿನವಾಗಿದ್ದರೆ ಅದು ಸಂಸ್ಕಾರ್ಯ; ಅಲ್ಲಿ ಕೈಬಿಡುವುದು ಬೇರುಬಿಟ್ಟ ಗದ್ದೆಯನ್ನು ಉತ್ತಂತೆ. ಕೊನೆಯೇ ಕಾಣದಿದ್ದರೆ, ಅಥವಾ ಕಾಣುವ ಕೊನೆಯಲ್ಲಿ ತನಗೇ ನಂಬಿಕೆಯಿಲ್ಲದಿದ್ದರೆ, ಆರಂಭವು ಎಷ್ಟೇ ಸೊಗಸಾಗಿರಲಿ ಅದು ಅಡಕೆಯ ಪಾಕ. ಅದನ್ನು ಬೇಗ ಬಿಡುವುದೇ ಮೇಲು. ಬಿಡುವಾಗ ಇನ್ನೊಂದು ಪ್ರಶ್ನೆಯಿದೆ: ಇದರಿಂದ ಹೊಸದಕ್ಕೆ ಒಯ್ಯತಕ್ಕದ್ದು ಯಾವುದು? ಈ ಪ್ರಶ್ನೆಗೆ ಖಚಿತವಾದ ಉತ್ತರವುಳ್ಳವನಿಗೆ ಹೊಸ ಆರಂಭದ ಅಧಿಕಾರವಿದೆ. ಹುಲ್ಲನ್ನು ಜಾಡಿಸಿ ಕಾಳನ್ನು ಕೈಯಲ್ಲಿ ಹಿಡಿದು ಆತನು ಹೊರಟಿರುತ್ತಾನೆ. ಏನನ್ನೂ ಒಯ್ಯಲಾರೆನೆನ್ನುವವನು ಕೆಲಸದ ಕಷ್ಟಕ್ಕೆ ಬೆನ್ನು ತಿರುಗಿಸಿದ್ದಾನೆ; ಅದೇ ಕಷ್ಟವು ಹೊಸ ಕೃತಿಯ ಮೂರನೆಯ ಸಂಧಿಯಲ್ಲಿ ಆತನಿಗಾಗಿ ಕಾದಿರುತ್ತದೆ.

ಎರಡರಲ್ಲಿ ಯಾವುದನ್ನು ನಿಶ್ಚಯಿಸಿದರೂ ಕೆಲಸವನ್ನು ಮೊದಲ ಹಾಳೆಯಿಂದ ಹಿಡಿಯುವುದು ಒಳ್ಳೆಯದು. ಹಳೆಯ ಪ್ರತಿಯನ್ನು ಎಡಗಡೆಗಿಟ್ಟುಕೊಂಡು, ಒಪ್ಪಿಗೆಯಾದ ಪದ್ಯವನ್ನೂ ಸ್ವಹಸ್ತದಿಂದ ಮತ್ತೆ ಬರೆಯುವ ಶ್ರಮವನ್ನು ವಹಿಸಿದರೆ, ಯಾವುದು ನಿಲ್ಲುತ್ತದೆ, ಯಾವುದು ಉದುರುತ್ತದೆ ಎಂಬುದು ಕೈಗೇ ತಿಳಿಯುತ್ತದೆ. ಹಾಗೆ ಬರೆದು ಮುಗಿಸಿದ ಮೇಲೆಯೂ ಹಳೆಯ ಪ್ರತಿಯನ್ನು ಹರಿದುಹಾಕಬಾರದು. ತಾನು ಸುಧಾರಣೆಯೆಂದು ಭಾವಿಸಿದುದು ಮುಂದೊಂದು ದಿನ ನಷ್ಟವೆಂದು ಕಾಣಬಹುದು. ಆಗ ಹಿಂದಿರುಗಿ ನೋಡಲು ಮಹಾದೇವಯ್ಯನ ಕಟ್ಟಿನಂತಹದೊಂದು ಕಟ್ಟು ಉಳಿದಿರಬೇಕು.

ಸಹೃದಯರೂ ವಿಮರ್ಶಕರೂ ಇಲ್ಲಿ ವಹಿಸಬೇಕಾದ ಹೊಣೆಯೂ ಒಂದಿದೆ. ಹಸ್ತಪ್ರತಿಯನ್ನು ತಂದು ತೋರಿಸುವ ಬರಹಗಾರನಿಗೆ ‘ಚೆನ್ನಾಗಿದೆ, ಮುಂದುವರಿಸಿ’ ಎಂದು ಹೇಳುವುದು ಸುಲಭ. ಪೀಠಿಕೆಯ ಪದ್ಯಗಳನ್ನು ಮೆಚ್ಚುವ ಬದಲು ಇದು ಎಲ್ಲಿಗೆ ಮುಟ್ಟುತ್ತದೆಂದು ಕೇಳಿ, ಆತನ ಉತ್ತರವನ್ನು ತಾಳ್ಮೆಯಿಂದ ಆಲಿಸುವವರು ನಮ್ಮ ಊರುಗಳಲ್ಲಿ ನಾಲ್ಕು ಜನರಿದ್ದರೂ, ಪೆಟ್ಟಿಗೆಗಳಲ್ಲಿ ಮಲಗಿರುವ ಕೃತಿಗಳಲ್ಲಿ ಕೆಲವಾದರೂ ಮುಗಿದಾವು. ಉಳಿದವುಗಳ ಕಾಳಾದರೂ ಬೇರೆ ಗದ್ದೆಯನ್ನು ಸೇರೀತು.